ಮಾಳಿಗೆಯ ಮಣ್ಣು

ಬಾಣಂತಿ ಕೋಣೆಯ ಬಾಗಿಲು ಆ ಬೆಳಿಗ್ಗೆ ಹಿಡಿದುಕೊಂಡಿತ್ತು. ಹಂಪಯ್ಯ ಅಂಗೈಯಿಂದ ಒಮ್ಮೆ ನೂಕಿದ, ಭುಜ ಕೊಟ್ಟು ಇನ್ನೊಮ್ಮೆ ನೂಕಿದ. ಕೆಳತುದಿ ಹೊಸ್ತಿಲನ್ನು ಕಚ್ಚಿ ನಿಂತು, ಮೇಲ್ತುದಿ ಮಾತ್ರ ಬೆರಳು ತೂರುವಷ್ಟು ಸಂದಿ ಬಿಟ್ಟಿತು. ಆ ಸಂದಿಯಿಂದ ಅಜವಾನದ ಹೊಗೆ ಬಂತು, ಅದರ ಹಿಂದೆ ಕೂಸಿನ ಉಸಿರಿನ ಸದ್ದು ಬಂತು. ಉಸಿರಿನ ಕೊನೆಗೆ ಸಣ್ಣದೊಂದು ಸಿಳ್ಳು ಇತ್ತು. ನಿನ್ನೆ ಸಂಜೆಯವರೆಗೆ ಅದು ಇರಲಿಲ್ಲ. ಒಳಗಿನಿಂದ ಮಗಳು ಶೇಖಮ್ಮ “ಯಾರು?” ಎಂದಳು. “ನಾನವ್ವ” ಎಂದ. “ಬಿಡಪ್ಪ, ಅವ್ವ ಬಂದು ತೆಗೀತಾಳ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು; ಏನಾದರೂ ಉತ್ತರ ಹೇಳಬಹುದಿತ್ತು. ಅಷ್ಟರಲ್ಲಿ ಹೆಂಡತಿ ಗೋಪಮ್ಮ ಬಿಸಿನೀರಿನ ತಪ್ಪೇಲಿ ಹಿಡಿದು ಬಂದು, ಅವನು ಅಲ್ಲಿ ಇಲ್ಲವೆಂಬಂತೆ ಮುಂದೆ ಬಾಗಿ, ಬಾಗಿಲ ಬಳೆಯನ್ನು ಒಂದು ಕೈಯಿಂದ ಎತ್ತಿ ಎಡಕ್ಕೆ ಸರಿಸಿ ಕಾಲಿನಿಂದ ಒದ್ದಳು. ಬಾಗಿಲು ತೆರೆಯಿತು. ಅವಳ ಅಪ್ಪ ಕಟ್ಟಿಸಿದ ಮನೆ. ಅದನ್ನು ಎಲ್ಲಿ ಎತ್ತಬೇಕು, ಎಲ್ಲಿ ಒದೆಯಬೇಕು ಎಂಬುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಒಳಗೆ ಕಾಲಿಡುತ್ತ, ಹಿಂದೆ ಬಂದಿದ್ದ ನೆರೆಮನೆಯ ಮುದುಕಿ ನೂರ್ ಬೀಗೆ, “ಅವರಿಗಿ ಹೇಳ್ರಿ, ದುರುಗಮ್ಮನ ಕತ್ತಿಗೋಳು ಮಣ್ಣ ಹೊತ್ಕೊಂಡು ಬಂದಾವಂತ. ಮ್ಯಾಲ ಹತ್ತಿದ್ರ ಛಲೋ ಅಂತ” ಎಂದಳು. ಅವನು ಅವಳಿಂದ ಒಂದು ಮೊಳ ದೂರದಲ್ಲಿದ್ದ. ನೂರ್ ಬೀ ಸಂಕಟಪಟ್ಟುಕೊಂಡು, “ಕೇಳಿಸ್ತಲ್ಲ ಬೇಟಾ” ಎಂದಳು.

ಏಣಿ ಹತ್ತುವಾಗ ಅವನು ಬಾಗಿಲ ಬಗ್ಗೆಯೇ ಯೋಚಿಸುತ್ತಿದ್ದ. ಪ್ರತಿ ಮಳೆಗಾಲಕ್ಕೆ ಹಿಡಿಯುತ್ತದೆ, ಪ್ರತಿ ಬೇಸಿಗೆಗೆ ಬಿಡುತ್ತದೆ. ಬಡಿಗ ಬಂದು ಹೆರೆದು ಹೋಗುತ್ತಾನೆ. ಬೇಸಿಗೆಯಲ್ಲಿ ಅದೇ ಬಾಗಿಲು ಸಡಿಲಾಗಿ ಗಾಳಿಗೆ ಬಡಿದುಕೊಳ್ಳುತ್ತದೆ. ಕಟ್ಟಿಗೆ ಉಬ್ಬುತ್ತದೆ ಎನ್ನುತ್ತಾರೆ. ಕಟ್ಟಿಗೆ ಉಬ್ಬಿದ್ದರೆ ಚೌಕಟ್ಟು ಓರೆಯಾಗಬೇಕಿಲ್ಲ, ಗೋಡೆಯ ಗೂಡಿನ ಮೇಲಿನ ಬಿರುಕು ಬೇಸಿಗೆಗೆ ಬಾಯಿ ತೆರೆದು ಮಳೆಗೆ ಮುಚ್ಚಬೇಕಿಲ್ಲ. ಅಲ್ಲಾಡುವುದು ಮನೆ. ಮನೆಯ ಕೆಳಗೆ ಇರುವುದು ಖಂದಕ. ಕೋಟೆಯ ಹೊರಗೋಡೆಗೆ ಹತ್ತಿಕೊಂಡಿದ್ದ ಆ ತಗ್ಗಿಗೆ ಯಾವ ಕಾಲದಿಂದಲೋ ಊರಿನ ಬೂದಿ, ಗಡಿಗೆ ಚೂರು, ಕೆಡವಿದ ಗೋಡೆಗಳ ಮಣ್ಣು ಬಿದ್ದು ಬಿದ್ದು ತುಂಬಿ, ಮೇಲೆ ಎರೆಮಣ್ಣು ಹರಡಿಕೊಂಡು ನೆಲದಂತೆ ಕಾಣತೊಡಗಿತ್ತು. ಮಾವ ಮೌನಪ್ಪ ಅಲ್ಲಿ ಪಾಯ ತೋಡಿಸಿದಾಗ ಗರಸಿನ ಗಟ್ಟಿ ನೆಲ ಸಿಗಲಿಲ್ಲ. ಆಳು ಮುಳುಗುವಷ್ಟು ತೋಡಿದರೂ ಬೂದಿಯೇ ಬಂತು, ಆಮೇಲೆ ನೀರು ಬಂತು. ಅದಕ್ಕೆ ಗುಂಡುಕಲ್ಲು ಸುರಿಸಿ, ನವಧಾನ್ಯ ಹಾಕಿ, ಗೋಡೆ ಎಬ್ಬಿಸಿದ. ಈ ಸಂಗತಿಯನ್ನು ಮಾವ ಹೆಮ್ಮೆಯಿಂದ ಹೇಳುತ್ತಿದ್ದ: ಪಾಯದಲ್ಲಿ ಗಂಗಿ ಕಂಡ ಮನೆ. ಹಂಪಯ್ಯ ಹುಟ್ಟಿದ್ದು ದೇವದುರ್ಗದ ಕಡೆ ಗೂಗಲ್ ಎಂಬ ಊರಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಅಲ್ಲಿ ಅವರ ಮನೆಗೆ ಪಾಯವೇ ಇರಲಿಲ್ಲ. ಬಂಡೆಯ ಮೇಲೆ ನೇರ ಗೋಡೆ ನಿಂತಿತ್ತು. ಬೇಸಿಗೆಯಲ್ಲಿ ಬರಿಗಾಲಿಗೆ ಸುಡುವ ಆ ಬಂಡೆಯನ್ನು ಚಿಕ್ಕಂದಿನಲ್ಲಿ ಅವನು ಬೈದುಕೊಂಡು ಓಡಾಡಿದ್ದ. ಈಗ ಆ ಮನೆಯಲ್ಲಿ ಅಣ್ಣನ ಸಂಸಾರ. ಅವನು ಮನೆಅಳಿಯ. ಮಾವ ಸತ್ತು ವರ್ಷಗಳಾದರೂ ಓಣಿಯವರು ಈ ಮನೆಯನ್ನು ಮೌನಪ್ಪನ ಮನೆ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅವನಿಗೆ ಬೇಸರವಿರಲಿಲ್ಲ. ಈ ಮನೆಗೆ ತನ್ನ ಹೆಸರು ಹತ್ತದಿರುವುದೇ ಒಳ್ಳೆಯದು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಮೇಲೆ ಹತ್ತಿ ನಿಂತಾಗ ತಾನೇ ತೋಡಿದ ತಗ್ಗು ಎದುರಿಗೇ ಕಂಡಿತು. ಉಳಿದ ಮಾಳಿಗೆಯೆಲ್ಲ, ಚಾವಣಿಯ ಉದ್ದಗಲಕ್ಕೂ, ಮೊಣಕಾಲೆತ್ತರ ಮಣ್ಣು. ಬಾಣಂತಿ ಕೋಣೆಯ ಮೇಲೆ ಮಾತ್ರ ಚೌಕಾಕಾರದ ಹಳ್ಳ, ಅದರಲ್ಲಿ ನಿನ್ನೆಯ ಮಳೆಯ ಕೆಂಪು ನೀರು. ಹಳ್ಳದ ಬದಿಗಳಲ್ಲಿ ಮಣ್ಣಿನ ಪದರಗಳು ಕಾಣುತ್ತಿದ್ದವು: ಬೂದುಬಣ್ಣದ ಒಂದು, ಅದರ ಮೇಲೆ ಕಂದು, ಮತ್ತೆ ಬೂದು. ವರುಷಕ್ಕೊಂದು. ರೋಹಿಣಿ ಮಳೆ ಮುಗಿಯುವುದರೊಳಗೆ ಚಂದ್ರಬಂಡದ ಕಡೆಯಿಂದ ಕರಲು ಮಣ್ಣು ತರಿಸಿ ಹಳೆಯದರ ಮೇಲೆ ಹರಡಿ, ನೀರು ಚಿಮುಕಿಸಿ, ತುಳಿದು, ಕೊಡತಿಯಿಂದ ಬಡಿಯಬೇಕು. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ತೆಗೆಯುವುದೆಂದರೆ ಹಿರಿಯರು ಹಾಕಿದ್ದನ್ನು ತೆಗೆದಂತೆ. ಮೇಲಾಗಿ ದಪ್ಪನೆಯ ಮಾಳಿಗೆ ಬೇಸಿಗೆಗೆ ತಂಪು, ಮಳೆಗೆ ಭದ್ರ. ಮಣ್ಣು ಜಾಸ್ತಿಯಾದಷ್ಟೂ ಮನೆತನದ ತೂಕ ಜಾಸ್ತಿ. ಹಂಪಯ್ಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ತೂಗಿಸುವ ಗುಮಾಸ್ತ. ತೂಕವೆಂಬುದು ಅವನಿಗೆ ಮಾತಿನ ಅಲಂಕಾರವಲ್ಲ. ಮಗಳು ಮಲಗುವ ಆ ಒಂದು ಕೋಣೆಯ ಮೇಲೆ ಹತ್ತು ಬಂಡಿ ಮಣ್ಣಿದೆ ಎಂದು ಅವನು ಲೆಕ್ಕ ಹಾಕಿದ್ದ, ತಪ್ಪಿರಬಹುದೆಂದು ಮತ್ತೊಮ್ಮೆ ಹಾಕಿದ್ದ, ಹತ್ತೇ ಬಂದಿತ್ತು. ಹತ್ತು ಬಂಡಿ ಮಣ್ಣು ಬೇವಿನ ತೊಲೆಗಳ ಮೇಲೆ, ತೊಲೆಗಳು ಮಣ್ಣುಗಾರೆಯ ಕಲ್ಲುಗೋಡೆಯ ಮೇಲೆ, ಗೋಡೆ ಬೂದಿಯ ಮೇಲೆ.

“ಹಂಪಯ್ಯ ಸಾಬ್,” ಕೆಳಗಿನ ಓಣಿಯಿಂದ ಕರೆದವನು ನೂರ್ ಬೀಯ ಮಗ ಗುಲಾಮ್ ರಸೂಲ್, ಬಜಾರಿನಲ್ಲಿ ಬಳೆ ಅಂಗಡಿಯವನು, ಶುಕ್ರವಾರವಾದ್ದರಿಂದ ಮನೆಯಲ್ಲಿದ್ದ. “ಜಲ್ಜಲಾ ಇವತ್ತ ಯಾವ ಗಾಡಿಗಿ ಬರ್ತದ್ರಿ? ಮದ್ರಾಸ್ ಮೇಲಿಗ್ಯೋ, ಬೊಂಬಾಯಿ ಮೇಲಿಗ್ಯೋ?” ಕತ್ತೆಗಳ ಬೆನ್ನಿನಿಂದ ಮಣ್ಣಿನ ಚೀಲ ಇಳಿಸುತ್ತಿದ್ದ ದುರುಗಮ್ಮ ನಕ್ಕಳು. “ನಗಬ್ಯಾಡೋ ಯಪ್ಪಾ,” ಎಂದಳು ಅವಳು, “ಹಾಕಿದ ಮಣ್ಣ ತಾವೇ ತೆಗದು ಮತ್ತ ಹಾಕಿಸೋ ಗಿರಾಕಿ ಓಣಿಗೊಬ್ಬರಿದ್ರ ನನ್ನ ಕತ್ತಿಗೋಳ ಹೊಟ್ಟಿ ತಣ್ಣಗಿರ್ತದ.” ಹಂಪಯ್ಯ ನಗಲು ಪ್ರಯತ್ನಿಸಿದ. ಜಲ್ಜಲಾ, ಅಂದರೆ ಭೂಕಂಪ, ಎನ್ನುವುದು ಓಣಿಯಲ್ಲಿ ಅವನ ಹೆಸರೇ ಆಗಿತ್ತು. ಹೋದ ವರ್ಷ ದೀಪಾವಳಿಯ ಮುಂದೆ ಅಟ್ಟದ ಮೇಲಿನ ತಾಮ್ರದ ಪಾತ್ರೆಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಎಂದಾಗ ಅವನು ಬರಿಮೈಯಲ್ಲಿ ಹೊರಗೋಡಿ ಬಂದು ಎಲ್ಲರ ಬಾಗಿಲು ಬಡಿದಿದ್ದ. ನೂರ್ ಬೀಯನ್ನು ಹೊರಸು ಸಮೇತ ಬಯಲಿಗೆ ತಂದಿದ್ದರು. ಓಣಿ ಓಣಿಯೇ ಬಿಸಿಲಲ್ಲಿ ನಿಂತು ಕಾಯಿತು. ಆಮೇಲೆ ದೊಡ್ಡ ರಸ್ತೆಯ ತಿರುವಿನಲ್ಲಿ ಹೊಗೆ ಬಿಡುತ್ತ ಕಾಣಿಸಿಕೊಂಡದ್ದು ರಸ್ತೆ ತುಳಿಯುವ ಉಗಿ ಇಂಜಿನ್. ಅದನ್ನು ನಡೆಸುವವನು ಇಷ್ಟು ಜನ ತನ್ನನ್ನು ನೋಡಲು ನಿಂತಿದ್ದಾರೆಂದು ತಿಳಿದು ಸಲಾಮು ಹೊಡೆದ. ಆ ದಿನದ ನಗು ಇನ್ನೂ ಮುಗಿದಿಲ್ಲ. ಆದರೆ ಅಷ್ಟು ದೂರದ ರಸ್ತೆಯಲ್ಲಿ ಇಂಜಿನ್ ಉರುಳಿದರೆ ಈ ಓಣಿಯ ಪಾತ್ರೆ ಯಾಕೆ ಅಲ್ಲಾಡಬೇಕು, ಗುಡ್ಡದ ಬುಡದಲ್ಲಿ ಬಂಡೆಯ ಮೇಲಿರುವ ಮನೆಗಳಲ್ಲಿ ಯಾಕೆ ಅಲ್ಲಾಡಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅವನೂ ಕೇಳಲಿಲ್ಲ. ಬರಿಮೈಯಲ್ಲಿದ್ದ.

ಮಣ್ಣಿನ ಮೊದಲ ಪುಟ್ಟಿ ಏಣಿಯ ಕಡೆಯಿಂದ ಬಂತು. ಗೋಪಮ್ಮ ಏಣಿಯ ನಡುವೆ ನಿಂತು, ದುರುಗಮ್ಮ ಕೊಟ್ಟಿದ್ದನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಳು, ಕಣ್ಣು ಬೇರೆಡೆ ಇಟ್ಟುಕೊಂಡು. ಅವನು ಪುಟ್ಟಿ ತೆಗೆದುಕೊಂಡು ಹಳ್ಳದಲ್ಲಿ ಸುರಿದ. ನೀರು ಮಣ್ಣನ್ನು ಕುಡಿದು ಗುಳುಗುಳು ಎಂದಿತು. ದೂರದ ಉತ್ತರದ ಮುಜಫರಪುರದಲ್ಲಿ, ಭೂಕಂಪದ ದಿನ, ನೆಲ ಹಾಗೇ ಸದ್ದು ಮಾಡಿತ್ತು. ಸೇತುವೆ ಕೆಲಸದ ಗುತ್ತೇದಾರನ ಹಾಜರಿ ಗುಮಾಸ್ತನಾಗಿ ಅಲ್ಲಿಗೆ ಹೋಗಿದ್ದ ಕಾಲ. ಮೂವತ್ತನಾಲ್ಕನೇ ಇಸವಿಯ ಜನವರಿ, ಊಟದ ನಂತರದ ಹಿತವಾದ ಬಿಸಿಲು, ಮಾವಿನ ತೋಪಿನಲ್ಲಿ ಕೂತು ಬೀಡಿ ಹಚ್ಚಿದ್ದ. ರೈಲು ಬರುವ ಸದ್ದು, ರೈಲು ಹಳಿಯೇ ಇಲ್ಲದ ಕಡೆಯಿಂದ. ಎದ್ದು ನಿಂತವನು ಕೂತ, ಕೂತವನು ಮಲಗಿದ, ನೆಲವನ್ನು ಅಪ್ಪಿ ಹಿಡಿದುಕೊಂಡ, ನೆಲವೇ ಕೈಯೊಳಗಿಂದ ಜಾರುತ್ತಿತ್ತು. ನಡುಕ ನಿಂತ ಮೇಲೆ ನೋಡಿದರೆ ಒಣಹೊಲದಲ್ಲಿ ಆಳೆತ್ತರ ನೀರು ಚಿಮ್ಮುತ್ತಿತ್ತು, ನೀರಿನ ಜೊತೆ ಮರಳು. ಬಾವಿ ಕಂಠದವರೆಗೆ ಮರಳು ತುಂಬಿ ಚಪ್ಪಟೆಯಾಗಿತ್ತು. ಹೆಡ್ ಗುಮಾಸ್ತನ ಇಟ್ಟಿಗೆ ಮನೆ ಬಿದ್ದಿರಲಿಲ್ಲ. ಇದನ್ನೇ ಅವನು ಯಾರಿಗೂ ತಿಳಿಯುವ ಹಾಗೆ ಹೇಳಲಾರದೆ ಹೋದ. ಬಿದ್ದಿರಲಿಲ್ಲ, ಕೂತಿತ್ತು. ನೆಟ್ಟಗೆ, ಮಾಳಿಗೆ ಸಮೇತ, ಕಿಟಕಿ ನೆಲಕ್ಕೆ ಬರುವ ತನಕ ಕೆಳಗೆ ಇಳಿದು ಕೂತಿತ್ತು. ಸರಳುಗಳ ಹಿಂದೆ ಹೆಡ್ ಗುಮಾಸ್ತನ ಹೆಂಡತಿಯ ಮುಖ ಅವನ ಮೊಣಕಾಲಿನ ಮಟ್ಟದಲ್ಲಿತ್ತು. ಅವಳು ಅರಚಲಿಲ್ಲ. ಬಾಗಿಲು ಯಾಕೆ ತೆರೀತಿಲ್ಲ ಎಂದು ಅವನನ್ನು ಕೇಳಿದಳು, ಅವನೇ ಹೊರಗಿನಿಂದ ಚಿಲಕ ಹಾಕಿದಂತೆ. ಅವನು ಸರಳು ಹಿಡಿದು ಎಳೆಯುತ್ತಿರುವಾಗ ಎರಡನೆಯ ಸಲ ನೆಲ ನಡುಗಿತು, ಮಾಳಿಗೆ ಕುಸಿದು ಒಳಗೆ ಬಂತು. ಪಕ್ಕದಲ್ಲಿ ಕೂಲಿಯವರ ಬಿದಿರಿನ ಗುಡಿಸಲುಗಳು ಓರೆಯಾಗಿ ನಿಂತಿದ್ದವು, ಒಳಗಿದ್ದವರು ತೆವಳಿಕೊಂಡು ಹೊರಗೆ ಬರುತ್ತಿದ್ದರು, ಒಬ್ಬ ಮುದುಕ ಹುಕ್ಕಾ ಹಿಡಿದುಕೊಂಡೇ ಬಂದ. ಊರಿಗೆ ಬಂದು ಇದನ್ನು ಮಾವನಿಗೆ ಹೇಳಿದಾಗ ಮಾವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, “ಮನಿ ಕುಂತಿತಂತ. ಕಾಲ ನೋವಾಗಿರಬೇಕು ಪಾಪ” ಎಂದಿದ್ದ. ಗೋಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಆಗ ಅವಳ ನಗು ಅವನಿಗೆ ಇಷ್ಟವಿತ್ತು. ಅವನೂ ನಕ್ಕಿದ್ದ.

“ಅವರಿಗಿ ಹೇಳು ದುರುಗಮ್ಮ, ತುಳಿದು ಹಾಕ್ಲಿ. ಸುಮ್ನ ಸುರುವಿದ್ರ ಮತ್ತ ಸೋರ್ತದ.” ಏಣಿಯ ನಡುವಿನಿಂದ ಗೋಪಮ್ಮನ ದನಿ.

ಅವನು ತುಳಿಯತೊಡಗಿದ. ಕಾಲ ಕೆಳಗೆ, ಜಂತಿಯ ಕೆಳಗೆ, ಶೇಖಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತಾಳೆ. ಮಾನವಿ ತಾಲ್ಲೂಕಿನ ಮಲ್ಲಟಕ್ಕೆ ಕೊಟ್ಟ ಮಗಳು, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ಅವಳು ಬಂಡಿ ಇಳಿದು ಆ ಕೋಣೆಯೊಳಗೆ ಹೋದ ದಿನದಿಂದ ಅವನಿಗೆ ನಿದ್ದೆ ಇರಲಿಲ್ಲ. ಹಿತ್ತಲಲ್ಲಿ ಸಜ್ಜೆ ದಂಟಿನ ಚಪ್ಪರ ಹಾಕಿ, ತಟ್ಟಿ ಕಟ್ಟಿ ಅಲ್ಲಿ ಮಲಗಿಸೋಣ ಎಂದಾಗ ಗೋಪಮ್ಮ, “ಹಸಿ ಬಾಣಂತೀನ ಗಾಳ್ಯಾಗ ಇಡ್ತಾರೇನು? ಬೀಗರು ಕೇಳಿದ್ರ ಏನಂದಾರು, ದನದ ಕೊಟ್ಟಿಗ್ಯಾಗ ಬಾಣಂತನ ಮಾಡಿದ್ರು ಅಂದಾರು” ಎಂದಳು. ತಗಡು ಹಾಕಿಸೋಣ ಎಂದರೆ ತಗಡೆಲ್ಲ ಲಡಾಯಿಗೆ, ಮಹಾಯುದ್ಧಕ್ಕೆ, ಹೋಗಿತ್ತು. ಹೇಳಿ ಮಾಡಿಸಲಾಗದ್ದನ್ನು ಹೇಳದೆ ಮಾಡುವುದು ಉಳಿದಿತ್ತು. ಮಿಲ್ಲಿನಲ್ಲಿ ಒಂದು ಮಧ್ಯಾಹ್ನ, ಇಂಜಿನ್ ನಿಲ್ಲಿಸಿ ಎಲ್ಲರೂ ಉಣ್ಣಲು ಹೋದಾಗ, ತಕ್ಕಡಿಯ ಪಕ್ಕದ ಕೊಡದ ನೀರಿನಲ್ಲಿ ಸಣ್ಣ ಬಳೆಗಳಂಥ ಅಲೆಗಳು ಎದ್ದು ಅಂಚಿಗೆ ಹೋಗಿ ಕರಗಿದ್ದನ್ನು ಅವನು ನೋಡಿದ. ನೋಡಿದೆನೇ ಎಂದು ಕೇಳಿಕೊಂಡ. ಉಂಡು ಬಂದ ಹಮಾಲರನ್ನು ಕೇಳಬೇಕೆಂದು ಬಾಯಿ ತೆರೆದು, ಉಗಿ ಇಂಜಿನ್ ನೆನಪಾಗಿ ಮುಚ್ಚಿದ. ಮರುದಿನವೇ ಮಾಳಿಗೆಗೆ ಇಲಿ ಬಿಲ ಬಿದ್ದಿವೆ, ಹಳೆ ಮಣ್ಣು ತೆಗೆದು ಹೊಸದು ಹಾಕಬೇಕು ಎಂದು ಸುಳ್ಳು ಹೇಳಿ ಗುದ್ದಲಿ ತಂದ. ಹೊಸದನ್ನು ಒಂದೇ ಪದರ, ಬೆರಳಷ್ಟು ಹಾಕಿ ಬಿಡುವುದು ಅವನ ಮನಸ್ಸಿನಲ್ಲಿತ್ತು. ಎಲ್ಲಿಂದಲಾದರೂ ಶುರುಮಾಡಬಹುದಿತ್ತು. ಅಡಿಗೆಮನೆಯ ಮೇಲಿನಿಂದ, ಪಡಸಾಲೆಯ ಮೇಲಿನಿಂದ. ಅವನು ಮಗಳ ತಲೆಯ ಮೇಲಿನಿಂದ ಶುರುಮಾಡಿದ, ಯಾಕೆಂದರೆ ಅವಳನ್ನೇ ಮೊದಲು ಉಳಿಸಬೇಕಿತ್ತು. ಜಂತಿಯ ಮೇಲಿನ ಕಟ್ಟಿಗೆ ಚಕ್ಕೆ ಕಾಣುವ ತನಕ ತೋಡಿದ. ಮಾವನ ಕಾಲದ ಮಣ್ಣು ಕಲ್ಲಿನಂತಿತ್ತು. ಒಂದು ಪದರದಲ್ಲಿ ಯಾರದೋ ಹೆಬ್ಬೆರಳಿನ ಗುರುತು, ತುಳಿದಾಗ ಆದದ್ದು, ಹಾಗೇ ಒಣಗಿ ಉಳಿದಿತ್ತು. ಅದರ ಮೇಲೆ ಗುದ್ದಲಿ ಹಾಕುವಾಗ ಮಾತ್ರ ಸ್ವಲ್ಪ ತಡೆದ.

ಮಳೆ ಇನ್ನೂ ಬರುವ ಲೆಕ್ಕವಿರಲಿಲ್ಲ. ನಿನ್ನೆ ದೀಪ ಹಚ್ಚುವ ಹೊತ್ತಿಗೆ ಪಡುವಣದಿಂದ ಬಂತು. ಅವನು ಮಿಲ್ಲಿನಿಂದ ಓಡಿ ಬರುವಷ್ಟರಲ್ಲಿ ಬಾಣಂತಿ ಕೋಣೆಯಲ್ಲಿ ನೀರು ಜಂತಿಯಿಂದ ಹಗ್ಗದಂತೆ ಇಳಿಯುತ್ತಿತ್ತು, ಹೊರಸಿನ ಕೆಳಗಿನ ಬೆಂಕಿ ಕರ್ರನೆ ಸತ್ತಿತ್ತು, ಶೇಖಮ್ಮ ಕೂಸಿನ ಮೇಲೆ ತನ್ನ ಮೈಯನ್ನೇ ಕವುಚಿ ಮೊಣಕಾಲ ಮೇಲೆ ನಿಂತಿದ್ದಳು, ಅವಳ ಬೆನ್ನ ಮೇಲೆ ಕೆಸರು ಬೀಳುತ್ತಿತ್ತು. ಉಳಿದ ಮನೆಯಲ್ಲಿ ಒಂದು ಹನಿ ಇರಲಿಲ್ಲ. ಮಾವನ ಮಣ್ಣು ಇದ್ದಲ್ಲೆಲ್ಲ ಮನೆ ಒಣಗಿತ್ತು. ಗೋಪಮ್ಮ ದೀಪ ಎತ್ತಿ ಹಿಡಿದು ಆ ತೂತನ್ನೂ ಆಮೇಲೆ ಅವನನ್ನೂ ನೋಡಿದಳು. “ನಮ್ಮಪ್ಪ ಹಾಕಿದ್ದು” ಎಂದಳು. ಅವಳು ಅವನಿಗೆ ನೇರವಾಗಿ ಆಡಿದ ಕೊನೆಯ ಮಾತು ಅದು.

ಮಧ್ಯಾಹ್ನಕ್ಕೆ ಹಳ್ಳ ತುಂಬಿ ಉಳಿದ ಮಾಳಿಗೆಗೆ ಸಮನಾಯಿತು. ಪಡುವಣದಲ್ಲಿ ಮತ್ತೆ ಮೋಡ ಕಪ್ಪಾಗುತ್ತಿತ್ತು. ನೂರ್ ಬೀ ಅಂಗಳಕ್ಕೆ ಬಂದು, “ಎದಿಗಿ ಬೆಳ್ಳುಳ್ಳಿ ಎಣ್ಣಿ ಹಚ್ಚೀನಿ, ಈಗ ಮಲೀ ಹಿಡದದ. ಸಿಳ್ಳು ಮಾತ್ರ ಅದ. ಅಲ್ಲಾ ದೊಡ್ಡವ” ಎಂದಳು. ಕೂಸು ಮೊಲೆ ಹಿಡಿದಿದೆ ಎಂಬ ಮಾತಿಗೆ ಅವನು ಮಾಳಿಗೆಯ ಅಂಚಿನ ಕುಂಬಿಯ ಮೇಲೆ ಕೂತ. ಕೂಸು ಬದುಕಬಹುದು. ಬದುಕಿದರೆ ಇದೇ ಕೋಣೆಯಲ್ಲಿ ಬದುಕುತ್ತದೆ. ಬದುಕದಿದ್ದರೆ ಅದಕ್ಕೆ ಕಾರಣ ಮುಜಫರಪುರದ ಭೂಕಂಪವಲ್ಲ, ಖಂದಕವಲ್ಲ, ಹತ್ತು ಬಂಡಿ ಮಣ್ಣಲ್ಲ, ಅವನ ಗುದ್ದಲಿ. ಬರಬಹುದಾದದ್ದಕ್ಕೆ ಹೆದರಿ, ಬಂದೇ ಬರುವ ಮಳೆಯನ್ನು ಮರೆತವನು. ಆ ಬರಬಹುದಾದದ್ದು ನಾಳೆಯೋ, ನೂರು ವರ್ಷಕ್ಕೋ, ಬರದೆಯೂ ಹೋಗುತ್ತದೆಯೋ, ಯಾರಿಗೆ ಗೊತ್ತು. ಅದು ಬಂದರೆ ಅವನು ಸರಿ, ಬರದಿದ್ದರೆ ಅವನು ಹುಚ್ಚ. ಸರಿಯೆನಿಸಿಕೊಳ್ಳಲು ಯಾವುದು ನಡೆಯಬೇಕೋ ಅದನ್ನು ತಾನು ಎಲ್ಲೋ ಒಳಗೆ ಕಾಯುತ್ತಿದ್ದೇನೆಯೇ ಎಂಬ ಅನುಮಾನ ಹೋದ ವರ್ಷ ಬಿಸಿಲಲ್ಲಿ ಬರಿಮೈಯಲ್ಲಿ ನಿಂತಾಗಲೇ ಬಂದಿತ್ತು. ಉಗಿ ಇಂಜಿನ್ ಕಂಡ ಕೂಡಲೇ ಎಲ್ಲರಿಗೂ ಆದದ್ದು ಸಮಾಧಾನ. ಅವನಿಗೆ ಆದದ್ದು ಅದಲ್ಲ.

“ಇನ್ನೊಂದು ಪದರ ಬೀಳ್ಲಿ” ಎಂದಳು ಗೋಪಮ್ಮ, ದುರುಗಮ್ಮನಿಗೆ. “ಹೊಸಾ ಮಣ್ಣ, ಕುಗ್ತದ. ಬಾಣಂತಿ ಕ್ವಾಣಿ ಮ್ಯಾಲ ಬ್ಯಾರೆ ಕಡಿಗಿಂತ ಒಂದ ಗೇಣು ಎತ್ತರನ ಇರ್ಲಿ.” ದುರುಗಮ್ಮ, “ಗುಮ್ಮಟ ಕಟ್ಟಿಸ್ತೀಯೇನ ಯವ್ವಾ” ಎಂದು ಪುಟ್ಟಿ ತುಂಬಿದಳು. ಹಂಪಯ್ಯ ಅದನ್ನು ಎತ್ತಿಕೊಂಡ. ಸುರಿದ, ಕೊಡದಿಂದ ನೀರು ಚಿಮುಕಿಸಿದ, ಕೊಡವನ್ನು ಕುಂಬಿಯ ಮೇಲೆ ಇಟ್ಟು ತುಳಿದ. ಒಂದು ಕಾಲು, ಇನ್ನೊಂದು ಕಾಲು. ಹಿಂದೆ ಮಾವ ಹೀಗೆಯೇ ಪಂಚೆ ಎತ್ತಿ ಕಟ್ಟಿ ತುಳಿಯುತ್ತಿದ್ದ, ತಾನು ಕೆಳಗಿನಿಂದ ಪುಟ್ಟಿ ಕೊಡುತ್ತಿದ್ದೆ ಎಂಬುದು ನೆನಪಾಯಿತು. ಹಸಿಮಣ್ಣಿನಲ್ಲಿ ತನ್ನ ಹೆಬ್ಬೆರಳಿನ ಗುರುತು ಮೂಡಿದ್ದನ್ನು ನೋಡಿ, ಅದರ ಮೇಲೆಯೇ ಮತ್ತೆ ಕಾಲಿಟ್ಟ. ಕೆಲಸ ಕಾಲಿಗೆ ಹತ್ತಿಕೊಂಡಿತು. ಕೆಳಗೆ ಕೂಸು ಕೆಮ್ಮಿತು, ಸುಮ್ಮನಾಯಿತು. ಮೋಡದ ನೆರಳು ಕೋಟೆಯ ಗೋಡೆಯ ಮೇಲೆ ಹರಿದು ಬಂತು. ಮಣ್ಣು ಗಟ್ಟಿಯಾಗುತ್ತಿತ್ತು, ಮತ್ತು ಅದು ಗಟ್ಟಿಯಾಗುತ್ತಿರುವುದರಲ್ಲಿ ಅವನಿಗೆ ಒಂದು ಬಗೆಯ ನೆಮ್ಮದಿ ಸಿಗತೊಡಗಿತ್ತು. ಇಷ್ಟೇ ಸಾಕಾಗಿತ್ತು ಎಲ್ಲರಿಗೂ. ಇಷ್ಟು ವರ್ಷ ಇಷ್ಟೇ ಕೇಳಿದ್ದರು ಅವನನ್ನು.

ಆಗ ಅಂಗಾಲಿಗೆ ಅದು ಬಂತು. ಪೆಟ್ಟಲ್ಲ, ತೂಗಾಟವಲ್ಲ; ದನದ ಚರ್ಮ ನೊಣಕ್ಕೆ ಅದುರುವಂತೆ ಕಾಲ ಕೆಳಗೆ ಮಾಳಿಗೆ ಒಮ್ಮೆ ಅದುರಿತು. ಅವನು ತುಳಿಯುವುದನ್ನು ನಿಲ್ಲಿಸಿದ. ತನ್ನ ಕಾಲೇ ಇರಬೇಕು, ಬೆಳಿಗ್ಗೆಯಿಂದ ಉಂಡಿಲ್ಲ. ಕುಂಬಿಯ ಮೇಲಿನ ಕೊಡವನ್ನು ನೋಡಿದ. ನೀರಿನಲ್ಲಿ ಬಳೆಗಳು ಏಳುತ್ತಿದ್ದವು, ಒಂದರ ಹಿಂದೆ ಒಂದು ಅಂಚಿಗೆ ಹೋಗುತ್ತಿದ್ದವು. ಅವನು ಉಸಿರು ಹಿಡಿದು ನಿಂತ. ಬಳೆಗಳು ನಿಲ್ಲಲಿಲ್ಲ. ಶುಕ್ರವಾರ, ಮಿಲ್ಲು ಮುಚ್ಚಿದೆ. ರಸ್ತೆ ಇಂಜಿನ್ ತಿಂಗಳ ಹಿಂದೆಯೇ ಮಾನವಿ ಕಡೆಗೆ ಹೋಗಿದೆ. ಗಾಳಿ ಇಲ್ಲ. ಓಣಿಯಲ್ಲಿ ಗುಲಾಮ್ ರಸೂಲ್ ಕತ್ತೆಯ ಕೊರಳು ತುರಿಸುತ್ತ ದುರುಗಮ್ಮನಿಗೆ ಏನೋ ಹೇಳುತ್ತಿದ್ದ, ಅವಳು ಪುಟ್ಟಿಯ ಅಂಚು ಸರಿಮಾಡುತ್ತಿದ್ದಳು. ಯಾರ ತಲೆಯೂ ಎದ್ದಿರಲಿಲ್ಲ. ಕಾಲ ಕೆಳಗಿನ ಕೋಣೆಯಲ್ಲಿ ಮಗಳು ಕೂಸಿಗೆ ಲಾಲಿ ಹೇಳತೊಡಗಿದ್ದಳು. ಆ ಕೋಣೆಯ ಬಾಗಿಲು ಎತ್ತಿ, ಎಡಕ್ಕೆ ಸರಿಸಿ, ಒದ್ದರೆ ಮಾತ್ರ ತೆರೆಯುತ್ತದೆ. ಏಣಿ ಇಳಿಯಲು ಇಷ್ಟು ಹೊತ್ತು, ಅಂಗಳ ದಾಟಲು ಇಷ್ಟು ಹೊತ್ತು. ಅವನ ಬಾಯಿ ತೆರೆದಿತ್ತು. ಹೊರಗೆ ಬರ್ರಿ ಎಂಬ ಮಾತು ಆಗಲೇ ನಾಲಗೆಯ ಮೇಲಿತ್ತು.

ಏಣಿಯ ಮೇಲೆ ಗೋಪಮ್ಮನ ತಲೆ ಕಾಣಿಸಿತು. ತುಂಬಿದ ಪುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದಳು. ಅವನು ನಿಂತದ್ದನ್ನು ನೋಡಿದಳು, ಅವನ ಮುಖ ನೋಡಿದಳು. ನಿನ್ನೆಯಿಂದ ಬಿಗಿದಿದ್ದ ಅವಳ ಮುಖದಲ್ಲಿ ಏನೋ ಸಡಿಲವಾಯಿತು, ದಣಿವೂ ಇರಬಹುದು.

“ಯಾಕ ನಿಂತ್ರಿ?” ಎಂದಳು, ಅವನಿಗೇ. “ಕಾಲ ಸೋತಾವೇನು? ಕೆಳಗ ಬರ್ರಿ, ರೊಟ್ಟಿ ತಿಂದು ತುಳೀವಂತ್ರಿ.”

ಕೊಡದಲ್ಲಿ ನೀರು ಇನ್ನೂ ನಡುಗುತ್ತಿತ್ತು, ಅಥವಾ ನಿಲ್ಲುತ್ತಿತ್ತು.

“ಏನಿಲ್ಲ” ಎಂದ ಹಂಪಯ್ಯ. “ಮಳಿ ಬರಂಗದ. ಪುಟ್ಟಿ ಕೊಡು.”

ಅವಳು ಕೊಟ್ಟಳು. ಅವನು ಅದನ್ನು ಮಗಳ ತಲೆಯ ಮೇಲೆ ಸುರಿದು, ತುಳಿಯತೊಡಗಿದ.